ಅಗೆದವರು ಹೋದರು, ಹಳ್ಳ ಉಳಿಯಿತು: ರಸ್ತೆಯನ್ನು ಮೊದಲಿನಂತೆ ಮಾಡಿಕೊಡುವ ಹೊಣೆ ಯಾರದು?

ಪ್ರಶ್ನೆ: 2007ರಲ್ಲಿ ಬೆಂಗಳೂರಿಗೆ ಸೇರಿಸಿದ 110 ಹಳ್ಳಿಗಳಲ್ಲಿ ನಮ್ಮದೂ ಒಂದು. ಬಹಳ ವರ್ಷ ಕಾದ ಮೇಲೆ ನಮ್ಮ ಅಡ್ಡರಸ್ತೆಗೆ ಡಾಂಬರು ಬಿತ್ತು. ವರ್ಷ ತುಂಬುವ ಮೊದಲೇ ಅಡುಗೆ ಅನಿಲದ ಪೈಪ್ ಹಾಕುವವರು ಬಂದು ರಸ್ತೆಯ ಒಂದು ಬದಿಯನ್ನು ಉದ್ದಕ್ಕೂ ಅಗೆದರು. ಅದೇ ಮಣ್ಣನ್ನು ಎಳೆದು ಮುಚ್ಚಿ, ಮೇಲೆ ಒಂದಿಷ್ಟು ಜಲ್ಲಿಪುಡಿ ಉದುರಿಸಿ ಹೋದರು. ಮಳೆ ಬಿದ್ದ ಮೇಲೆ ಆ ಭಾಗ ಕುಸಿದು ಕಾಲುವೆಯಂತಾಗಿದೆ. ಸ್ಕೂಟರಿನಲ್ಲಿ ಬರುತ್ತಿದ್ದ ಒಬ್ಬ ಮಹಿಳೆ ಬಿದ್ದು ಕೈ ಮುರಿದುಕೊಂಡಿದ್ದಾರೆ. ಪಾಲಿಕೆಯ ಎಂಜಿನಿಯರ್ ಕಂಪನಿಯನ್ನು ಕೇಳಿ ಎನ್ನುತ್ತಾರೆ. ಕಂಪನಿಯವರು ಪಾಲಿಕೆಗೆ ಹಣ ಕಟ್ಟಿದ್ದೇವೆ ಎನ್ನುತ್ತಾರೆ. ನಿಯಮ ಏನಿದೆ? ನಾವೇ ಮನೆಗಿಷ್ಟು ಎಂದು ಕೂಡಿಸಿ ಸಿಮೆಂಟ್ ಹಾಕಿಸಿಬಿಡಬಹುದೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಭಾನುವಾರ ಮೇಸ್ತ್ರಿಯನ್ನು ಕರೆಸುವ ಮಾತು ಈಗಾಗಲೇ ನಡೆದಿರಬಹುದು. ಸಿಮೆಂಟ್ ಹಾಕಿಸಬೇಡಿ. ಕೆಳಗಿನ ಮಣ್ಣು ಇನ್ನೂ ಕುಳಿತಿಲ್ಲ. ಅದರ ಮೇಲೆ ಹಾಕಿದ ಕಾಂಕ್ರೀಟ್ ಕೆಲವು ತಿಂಗಳು ಸೇತುವೆಯಂತೆ ನಿಂತು, ಒಂದು ದಿನ ನೀರಿನ ಟ್ಯಾಂಕರ್ ಹಾದಾಗ ತುಂಡಾಗುತ್ತದೆ. ಪಕ್ಕದ ಡಾಂಬರಿಗೂ ಅದಕ್ಕೂ ಬೆಸುಗೆ ಆಗುವುದಿಲ್ಲವಾದ್ದರಿಂದ ಆ ಅಂಚಿನಲ್ಲೇ ನೀರು ಇಳಿಯುತ್ತದೆ. ಮೇಸ್ತ್ರಿ ಹಾರೆ ಹಾಕುವ ಜಾಗದ ಕೆಳಗೆ ಅನಿಲದ ಪ್ಲಾಸ್ಟಿಕ್ ಪೈಪ್ ಇದೆ ಎಂಬುದನ್ನೂ ಮರೆಯಬೇಡಿ. ಇದೆಲ್ಲಕ್ಕಿಂತ ಮುಖ್ಯವಾದ ಮಾತು: ಇಂದು ಆ ಹಳ್ಳಕ್ಕೆ ಹೊಣೆಗಾರರಿದ್ದಾರೆ. ನೀವು ಕೈ ಹಾಕಿದ ಮರುದಿನ ಇಬ್ಬರೂ ನಿಮ್ಮ ಕಡೆ ಬೆರಳು ತೋರಿಸುತ್ತಾರೆ. ಅಪಾಯ ತಪ್ಪಿಸಲು ಬಣ್ಣ ಬಳಿದ ಡ್ರಮ್ಮು, ಪ್ರತಿಫಲಿಸುವ ಪಟ್ಟಿ ಇಟ್ಟುಕೊಳ್ಳಿ. ಅಷ್ಟು ಸಾಕು.

ಈಗ ನಿಯಮದ ವಿಷಯ. ನಮ್ಮಲ್ಲಿ ರಸ್ತೆಯನ್ನು ಸರಿಪಡಿಸುವುದು ಅಗೆದವರ ಔದಾರ್ಯ ಎಂಬಂತೆ ಮಾತನಾಡುವ ರೂಢಿ ಬಂದುಬಿಟ್ಟಿದೆ. ಹಾಗಲ್ಲ. ಅಗೆಯುವ ಅನುಮತಿಯಲ್ಲೇ ಮುಚ್ಚುವ ಹೊಣೆ ಸೇರಿದೆ. ಸಾರ್ವಜನಿಕ ರಸ್ತೆ ಸ್ಥಳೀಯ ಸಂಸ್ಥೆಯ ವಶದಲ್ಲಿರುತ್ತದೆ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದಂತಹ ಊರುಗಳಿಗೆ 1976ರ ಪೌರ ನಿಗಮಗಳ ಕಾಯ್ದೆ, ಪುರಸಭೆ-ನಗರಸಭೆಗಳಿಗೆ 1964ರ ಪೌರಸಭೆಗಳ ಕಾಯ್ದೆ, ಹಳ್ಳಿಗಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆ ಅನ್ವಯವಾಗುತ್ತವೆ. ಬೆಂಗಳೂರಿಗೆ ಈಗ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ. ಅದರಂತೆ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ. ಕಾಯ್ದೆ ಯಾವುದೇ ಇರಲಿ, ತತ್ವ ಒಂದೇ. ಸ್ಥಳೀಯ ಸಂಸ್ಥೆಯ ಅನುಮತಿ ಇಲ್ಲದೆ ಯಾರೂ ರಸ್ತೆ ಅಗೆಯುವಂತಿಲ್ಲ. ಅಗೆದವರು ಕೆಲಸ ಮುಗಿಯುವವರೆಗೆ ಬೇಲಿ ಹಾಕಬೇಕು, ರಾತ್ರಿ ದೀಪ ಇಡಬೇಕು, ನಂತರ ರಸ್ತೆಯನ್ನು ಮೊದಲಿನ ಸ್ಥಿತಿಗೆ ತರಬೇಕು ಅಥವಾ ಅದರ ಖರ್ಚು ಕಟ್ಟಬೇಕು.

ಆ ಕೊನೆಯ ‘ಅಥವಾ’ದಲ್ಲಿಯೇ ನಿಮ್ಮ ಸಮಸ್ಯೆ ಅಡಗಿದೆ. ಪುನಃಸ್ಥಾಪನೆಗೆ ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಅಗೆಯುವ ಸಂಸ್ಥೆ ರಸ್ತೆಯ ಬಗೆ, ಅಗೆತದ ಉದ್ದ-ಅಗಲಕ್ಕೆ ತಕ್ಕಂತೆ ಶುಲ್ಕ ಕಟ್ಟುತ್ತದೆ. ಪೈಪ್ ಹಾಕಿ, ಮಣ್ಣು ತುಂಬಿ, ವಾಹನ ಓಡುವಷ್ಟು ಮಾಡಿ ಹೋಗುತ್ತದೆ. ಡಾಂಬರು ಹಾಕುವುದು ಪಾಲಿಕೆಯ ಕೆಲಸ. ಎರಡನೆಯದರಲ್ಲಿ ಸಂಸ್ಥೆಯೇ ಡಾಂಬರಿನವರೆಗೆ ಎಲ್ಲವನ್ನೂ ಮಾಡಬೇಕು, ಮಾಡದಿದ್ದರೆ ಎಂದು ಪಾಲಿಕೆಯ ಬಳಿ ಠೇವಣಿ ಅಥವಾ ಬ್ಯಾಂಕ್ ಖಾತರಿ ಇಟ್ಟಿರುತ್ತದೆ. ದೂರಸಂಪರ್ಕ ಕೇಬಲ್‌ಗಳಿಗೆ 2016ರಲ್ಲಿ ಕೇಂದ್ರ ಮಾಡಿದ ನಿಯಮಗಳಲ್ಲೂ, ಅವುಗಳ ಬದಲಿಗೆ 2025ರ ಜನವರಿ 1ರಿಂದ ಜಾರಿಗೆ ಬಂದ ಹೊಸ ನಿಯಮಗಳಲ್ಲೂ ಈ ಎರಡೇ ದಾರಿ.

ಹಾಗಾಗಿ ನಿಮ್ಮ ಬೀದಿಯಲ್ಲಿ ಪಾಲಿಕೆ ಮತ್ತು ಕಂಪನಿ ಎರಡೂ ನಿಜ ಹೇಳುತ್ತಿರಬಹುದು, ಎರಡೂ ಅರ್ಧ ಮಾತ್ರ ಹೇಳುತ್ತಿರಬಹುದು. ಕಂಪನಿ ಹಣ ಕಟ್ಟಿದ್ದರೆ ಡಾಂಬರು ಪಾಲಿಕೆಯದು. ಆದರೆ ಮಣ್ಣನ್ನು ಸರಿಯಾಗಿ ದಮ್ಮಸ್ಸು ಮಾಡಿ ತುಂಬುವ ಹೊಣೆ ಆಗಲೂ ಕಂಪನಿಯದೇ. ನಿಮ್ಮಲ್ಲಿ ಕುಸಿದಿರುವುದು ಮಣ್ಣು. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವ ಈ ಜಗ್ಗಾಟ ನಿಲ್ಲುವುದು ಒಂದೇ ಕಾಗದದಿಂದ, ಅದು ರಸ್ತೆ ಅಗೆತದ ಅನುಮತಿ ಪತ್ರ. ಯಾವ ರಸ್ತೆ, ಎಷ್ಟು ಉದ್ದ, ಎಷ್ಟು ಆಳ, ಯಾವ ದಿನಾಂಕದೊಳಗೆ, ಎಷ್ಟು ಹಣ, ಯಾರು ಮುಚ್ಚಬೇಕು ಎಂಬುದೆಲ್ಲ ಅದರಲ್ಲಿ ಇರಬೇಕು. ಬೆಂಗಳೂರಿನಲ್ಲಿ ಜಲಮಂಡಳಿ, ಬೆಸ್ಕಾಂ, ಅನಿಲ ಮತ್ತು ಕೇಬಲ್ ಕಂಪನಿಗಳೆಲ್ಲ ಒಂದೇ ಕಡೆ ಅರ್ಜಿ ಹಾಕಲೆಂದು ‘ಮಾರ್ಕ್ಸ್’ ಎಂಬ ಆನ್‌ಲೈನ್ ವ್ಯವಸ್ಥೆಯನ್ನು ಬಿಬಿಎಂಪಿ ಕಾಲದಲ್ಲೇ ತರಲಾಯಿತು. ಉದ್ದೇಶ ಒಳ್ಳೆಯದು. ಒಂದೇ ರಸ್ತೆಯನ್ನು ಮೂವರು ಮೂರು ಸಲ ಅಗೆಯದೆ ಒಟ್ಟಿಗೆ ಅಗೆಯಲಿ ಎಂಬುದು. ಅಡ್ಡರಸ್ತೆಗಳಲ್ಲಿ ಅದು ಎಷ್ಟರ ಮಟ್ಟಿಗೆ ನಡೆದಿದೆ ಎಂಬುದನ್ನು ನಿಮ್ಮ ರಸ್ತೆಯೇ ಹೇಳುತ್ತದೆ. ಆದರೂ ಅದರಿಂದ ಆದ ಒಂದು ಲಾಭವೆಂದರೆ, ಅನುಮತಿ ಇದ್ದರೆ ಅದಕ್ಕೊಂದು ದಾಖಲೆ ಇರುತ್ತದೆ. ದಾಖಲೆ ಸಿಗದಿದ್ದರೆ ಅಗೆತವೇ ಅಕ್ರಮ ಎಂದು ಹೇಳಲು ನಿಮಗೆ ಆಧಾರ ಸಿಕ್ಕಂತಾಗುತ್ತದೆ.

ನಿಮ್ಮ ರಸ್ತೆಗೆ ಇನ್ನೊಂದು ತೊಡಕಿದೆ. ಡಾಂಬರು ಬಿದ್ದು ವರ್ಷವಾಗಿಲ್ಲ ಎಂದಿದ್ದೀರಿ. ಅಂದರೆ ರಸ್ತೆ ಮಾಡಿದ ಗುತ್ತಿಗೆದಾರನ ದೋಷ ಹೊಣೆಗಾರಿಕೆ ಅವಧಿ ಇನ್ನೂ ಮುಗಿದಿರಲಾರದು. ಆ ಅವಧಿಯಲ್ಲಿ ರಸ್ತೆ ಹಾಳಾದರೆ ಆತ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಆದರೆ ಬೇರೆಯವರು ಅಗೆದ ಭಾಗಕ್ಕೆ ಆತನನ್ನು ಹಿಡಿಯಲಾಗುವುದಿಲ್ಲ, ಅದು ನ್ಯಾಯವೂ ಅಲ್ಲ. ತೊಂದರೆ ಬರುವುದು ಎಲ್ಲಿ ಎಂದರೆ, ಎರಡಡಿ ಅಗಲದ ಅಗೆತವನ್ನು ತೋರಿಸಿ ಇಡೀ ರಸ್ತೆಯ ಹೊಣೆಯಿಂದಲೇ ಗುತ್ತಿಗೆದಾರ ಜಾರಿಕೊಳ್ಳುತ್ತಾನೆ. ಬಿಲ್ ಬಾಕಿ ಇರುವವರೆಗೆ ವಿನಯ, ಆಮೇಲೆ ‘ಗ್ಯಾಸಿನವರು ಕೆಡಿಸಿದರು ಸಾರ್’. ಆದ್ದರಿಂದ ಪಾಲಿಕೆಯ ಎಂಜಿನಿಯರ್, ಗುತ್ತಿಗೆದಾರ, ಅಗೆದ ಕಂಪನಿ ಮೂವರೂ ಸೇರಿ ಸ್ಥಳ ತಪಾಸಣೆ ಮಾಡಿ, ಕಂಪನಿಯ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂದು ಗುರುತು ಹಾಕಿ ಬರೆದಿಡಬೇಕೆಂದು ಒತ್ತಾಯಿಸಿ. ಹೊಸ ಡಾಂಬರಿನ ರಸ್ತೆಯನ್ನು ಸೋರಿಕೆಯಂತಹ ತುರ್ತು ಬಿಟ್ಟು ಬೇರೆ ಕಾರಣಕ್ಕೆ ಅಗೆಯಲು ಬಿಡಬಾರದು ಎಂಬ ಸೂಚನೆಗಳು ನಮ್ಮಲ್ಲೂ ಮತ್ತೆ ಮತ್ತೆ ಬಂದಿವೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಈ ತಡೆ ಐದು ವರ್ಷ. ಇಂಗ್ಲೆಂಡಿನಲ್ಲಿ ಅಗೆದ ಸಂಸ್ಥೆ ತಾನು ಮುಚ್ಚಿದ ಜಾಗಕ್ಕೆ ಎರಡು ವರ್ಷ, ಅಗೆತ ಒಂದೂವರೆ ಮೀಟರ್‌ಗಿಂತ ಆಳವಾಗಿದ್ದರೆ ಮೂರು ವರ್ಷ ಖಾತರಿ ಕೊಡಬೇಕು. ಅಲ್ಲಿನ ನಿಯಮಗಳಲ್ಲಿ ನನಗೆ ಇಷ್ಟವಾಗುವುದು ಈ ಖಾತರಿಯೇ. ಶುಲ್ಕ ಕಟ್ಟಿದರೆ ಕೈ ತೊಳೆದುಕೊಂಡಂತೆ ಎಂಬ ಭಾವನೆಗೆ ಅದು ಜಾಗ ಕೊಡುವುದಿಲ್ಲ. ನಮ್ಮಲ್ಲಿ ಶುಲ್ಕವೇ ದೊಡ್ಡ ವಿಷಯ, ಗುಣಮಟ್ಟ ಆಮೇಲಿನ ಮಾತು.

ಇನ್ನು ಮಣ್ಣಿಗೆ ಬರೋಣ. ಒಮ್ಮೆ ಇದು ತಿಳಿದುಕೊಂಡರೆ ಯಾವ ಎಂಜಿನಿಯರ್ ಕೂಡ ನಿಮ್ಮನ್ನು ಸುಲಭವಾಗಿ ದಾರಿ ತಪ್ಪಿಸಲಾರ. ಜನ ಡಾಂಬರು ನೋಡಿ ರಸ್ತೆ ಒಳ್ಳೆಯದೋ ಕೆಟ್ಟದ್ದೋ ಎನ್ನುತ್ತಾರೆ. ಅಗೆದ ಜಾಗದ ಹಣೆಬರಹ ಡಾಂಬರು ಬರುವ ಮೊದಲೇ ನಿರ್ಧಾರವಾಗಿರುತ್ತದೆ. ವರ್ಷಗಳಿಂದ ಒತ್ತಿ ಕುಳಿತ ಮಣ್ಣನ್ನು ಜೆಸಿಬಿ ಎತ್ತಿದಾಗ ಅದು ಸಡಿಲಾಗಿ ಉಬ್ಬುತ್ತದೆ. ಅದನ್ನೇ ಒಂದೇ ಸಲಕ್ಕೆ ತಳ್ಳಿ, ಮೇಲೆ ಜೆಸಿಬಿಯ ಚಕ್ರ ನಾಲ್ಕು ಸಲ ಓಡಿಸಿದರೆ ಮೇಲಿನ ಒಂದಡಿ ಗಟ್ಟಿಯಾಗುತ್ತದೆ, ಕೆಳಗೆ ಪೊಳ್ಳಾಗಿಯೇ ಉಳಿಯುತ್ತದೆ. 120 ಸೆಂಟಿಮೀಟರ್ ಆಳದ ಅಗೆತದಲ್ಲಿ ಮಣ್ಣು ನೂರಕ್ಕೆ ಐದರಷ್ಟು ಕುಸಿದರೂ ಮೇಲೆ ಆರು ಸೆಂಟಿಮೀಟರ್ ತಗ್ಗು ಬೀಳುತ್ತದೆ. ಸ್ಕೂಟರಿನ ಚಕ್ರ ಜಾರಲು ಅಷ್ಟು ಧಾರಾಳ ಸಾಕು. ಮಳೆ ನೀರು ಆ ತಗ್ಗಿನಲ್ಲೇ ನಿಲ್ಲುತ್ತದೆ, ಇಳಿಯುತ್ತದೆ, ಇನ್ನಷ್ಟು ಕುಸಿಯುತ್ತದೆ. ಅಗೆತದ ಗೋಡೆ ಆಧಾರ ಕಳೆದುಕೊಂಡು ಸಡಿಲಾಗುವುದರಿಂದ ಪಕ್ಕದ ಒಳ್ಳೆಯ ಡಾಂಬರಿನಲ್ಲೂ ಉದ್ದುದ್ದ ಬಿರುಕು ಬಿಡುತ್ತದೆ. ನಿಮ್ಮ ರಸ್ತೆಯಲ್ಲಿ ಇದು ಶುರುವಾಗಿರಬೇಕು, ನೋಡಿ.

ಸರಿಯಾದ ಕ್ರಮ ಹೀಗೆ: ಪೈಪಿನ ಕೆಳಗೆ, ಸುತ್ತ, ಸ್ವಲ್ಪ ಮೇಲಿನವರೆಗೆ ಕಲ್ಲಿಲ್ಲದ ಮರಳು ಅಥವಾ ನಯವಾದ ಮಣ್ಣು. ಅದರ ಮೇಲೆ ‘ಕೆಳಗೆ ಅನಿಲ ಪೈಪ್ ಇದೆ’ ಎಂದು ಮುಂದೆ ಅಗೆಯುವವರಿಗೆ ಹೇಳುವ ಎಚ್ಚರಿಕೆಯ ಪಟ್ಟಿ. ನಂತರ ಮಣ್ಣನ್ನು 15 ಸೆಂಟಿಮೀಟರ್ ಆಸುಪಾಸಿನ ಪದರಗಳಾಗಿ ಹಾಕಿ, ತೇವ ಸರಿಯಾಗಿ ನೋಡಿ, ಪ್ರತಿ ಪದರವನ್ನೂ ರ್‍ಯಾಮರ್ ಅಥವಾ ಪ್ಲೇಟ್ ಕಂಪ್ಯಾಕ್ಟರ್‌ನಿಂದ ಕುಟ್ಟಬೇಕು. ಎರಡಡಿ ಅಗಲದ ಕಂದಕದೊಳಗೆ ದೊಡ್ಡ ರೋಲರ್ ಇಳಿಯುವುದಿಲ್ಲ. ಅಂಥ ಪುಟ್ಟ ಯಂತ್ರವೇ ಕೆಲಸದ ಜಾಗದಲ್ಲಿ ಕಾಣದಿದ್ದರೆ ಕುಟ್ಟುವ ಕೆಲಸ ನಡೆದಿಲ್ಲ ಎಂದೇ ಲೆಕ್ಕ. ಕೇಂದ್ರ ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಗಳಂತೆ ರಸ್ತೆಯ ಪದರಗಳ ಕೆಳಗಿನ ಅರ್ಧ ಮೀಟರ್ ಮಣ್ಣು ಅದೇ ಮಣ್ಣನ್ನು ಪ್ರಯೋಗಾಲಯದಲ್ಲಿ ಕುಟ್ಟಿದಾಗ ಸಿಗುವ ಗರಿಷ್ಠ ಸಾಂದ್ರತೆಯ ಶೇ 97ರಷ್ಟಾದರೂ ಗಟ್ಟಿಯಾಗಿರಬೇಕು, ಅದಕ್ಕೂ ಕೆಳಗಿನದು ಶೇ 95. ಇದನ್ನು ಅಳೆಯಲು ಮರಳು ಬದಲಿ ಪರೀಕ್ಷೆ ಎಂಬ ಸರಳ ವಿಧಾನವಿದೆ. ಸಣ್ಣ ಗುಂಡಿ ತೋಡಿ, ತೆಗೆದ ಮಣ್ಣು ತೂಗಿ, ಗುಂಡಿಯನ್ನು ಅಳತೆಯ ಮರಳಿನಿಂದ ತುಂಬಿ ನೋಡುವುದು. ಅರ್ಧ ದಿನದ ಕೆಲಸವೂ ಅಲ್ಲ. ಅಡ್ಡರಸ್ತೆಗಳಲ್ಲಿ ಯಾರೂ ಮಾಡಿಸುವುದಿಲ್ಲ, ಏಕೆಂದರೆ ಯಾರೂ ಕೇಳುವುದಿಲ್ಲ.

ಪರೀಕ್ಷೆ ಇಲ್ಲದೆಯೂ ಊಹಿಸಲು ಒಂದು ಉಪಾಯವಿದೆ. ಮುಚ್ಚಿದ ಮೇಲೆ ಎಷ್ಟು ಮಣ್ಣು ಉಳಿಯಿತು ನೋಡಿ. ಅನಿಲದ ಪೈಪ್ ಸಣ್ಣದು, ಅದೂ ಅದರ ಸುತ್ತಲ ಮರಳೂ, ಮೇಲಿನ ಜಲ್ಲಿ-ಡಾಂಬರೂ ಹಿಡಿಯುವ ಜಾಗದಷ್ಟು ಮಣ್ಣು ಮಾತ್ರ ಮಿಗಬೇಕು. ಅದಕ್ಕಿಂತ ಬಹಳ ದೊಡ್ಡ ಗುಡ್ಡೆ ರಸ್ತೆಬದಿಯಲ್ಲಿ ಬಿದ್ದಿದ್ದರೆ ಒಳಗೆ ಹೋಗಬೇಕಾದದ್ದು ಹೊರಗೆ ಉಳಿದಿದೆ ಎಂದರ್ಥ.

ಮಣ್ಣಿನ ಬಗೆಯೂ ಮುಖ್ಯ. ನಿಮ್ಮ ಕಡೆಯ ಕೆಂಪು ಮಣ್ಣನ್ನು ಕಸ, ಬೇರು, ದೊಡ್ಡ ಕಲ್ಲು ತೆಗೆದು ಮತ್ತೆ ತುಂಬಬಹುದು. ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣನ್ನು ರಸ್ತೆಯ ಅಡಿಗೆ ಮರಳಿ ಹಾಕಲೇಬಾರದು. ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಾಯಿ ಬಿಡುವ ಮಣ್ಣು ಅದು. ಅಲ್ಲಿ ಗರಸು ಅಥವಾ ಜಲ್ಲಿಪುಡಿಯೇ ಬೇಕು.

ಮಣ್ಣಿನ ಮೇಲೆ ಮೊದಲು ಇದ್ದಷ್ಟೇ ದಪ್ಪದ ಜಲ್ಲಿ ಪದರ, ಅಂದರೆ ಜಲ್ಲಿ ಮತ್ತು ಜಲ್ಲಿಪುಡಿಗೆ ನೀರು ಬೆರೆಸಿದ ವೆಟ್‌ಮಿಕ್ಸ್. ಇಲ್ಲಿಗೆ ಬಂದಾಗ ಒಂದು ಸಣ್ಣ ಕೆಲಸ ಬಾಕಿ ಇರುತ್ತದೆ, ಅದನ್ನು ಬಿಟ್ಟವರೇ ಹೆಚ್ಚು: ಹಳೆಯ ಡಾಂಬರಿನ ಅಂಚನ್ನು ಅಗೆತದ ಎರಡೂ ಕಡೆ ಇನ್ನೂ ಅರ್ಧ ಅಡಿಯಿಂದ ಒಂದಡಿ ಯಂತ್ರದ ಗರಗಸದಲ್ಲಿ ನೇರವಾಗಿ ಕತ್ತರಿಸಿ ತೆಗೆಯಬೇಕು. ಆಗ ಹೊಸ ಡಾಂಬರು ಅಲುಗದ ಹಳೆಯ ಬುಡದ ಮೇಲೂ ಹೆಜ್ಜೆ ಊರುತ್ತದೆ. ಕತ್ತರಿಸಿದ ಮುಖಕ್ಕೆ ಡಾಂಬರಿನ ಎಮಲ್ಷನ್ ಬಳಿದು, ಬಿಸಿ ಮಿಶ್ರಣ ಹಾಕಿ, ರೋಲರ್ ಓಡಿಸಿ, ಸೇರುವ ಗೆರೆಯನ್ನು ಮುಚ್ಚಬೇಕು. ಹಲ್ಲು ಹಲ್ಲಾದ ಅಂಚಿಗೆ ತಣ್ಣನೆಯ ಮಿಶ್ರಣ ಸುರಿದು ಸಲಿಕೆಯ ಹಿಂಬದಿಯಿಂದ ತಟ್ಟಿ ಹೋದರೆ ಅದು ದುರಸ್ತಿಯಲ್ಲ. ರಸ್ತೆಯ ಉದ್ದಕ್ಕೂ ಒಂದು ಬದಿ ಅಗೆದಿರುವ ನಿಮ್ಮಂತಹ ಕಡೆ ಪಟ್ಟಿಯಷ್ಟೇ ಸಾಲದು, ಆ ಅರ್ಧ ರಸ್ತೆಗೆ ಪೂರ್ತಿ ಮೇಲ್ಪದರ ಬರಬೇಕು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಅನುಮತಿ ಪತ್ರದಲ್ಲಿ ಅಷ್ಟು ಬರೆದಿರಲಿಕ್ಕಿಲ್ಲ, ಆದರೂ ಕೇಳಿ.

ಮಳೆಗಾಲದಲ್ಲಿ ಬಿಸಿ ಡಾಂಬರು ಹಾಕಲಾಗದು ಎಂಬ ಸಬೂಬು ಅರ್ಧ ನಿಜ. ಸುರಿಯುವ ಮಳೆಯಲ್ಲಿ ಹಾಕಬಾರದು. ಆದರೆ ಅಷ್ಟರವರೆಗೆ ವೆಟ್‌ಮಿಕ್ಸ್ ಹಾಕಿ ಗಟ್ಟಿಮಾಡಿ, ಕುಸಿದಾಗಲೆಲ್ಲ ಮತ್ತೆ ತುಂಬಿ ಸಮ ಮಾಡುತ್ತಿರಬೇಕು. ತಾತ್ಕಾಲಿಕ ಎನ್ನುವವರಿಂದ ಮುಕ್ತಾಯದ ದಿನಾಂಕ ಬರೆಸಿಕೊಳ್ಳಿ.

ಇದನ್ನೆಲ್ಲ ಮಾಡಿಸುವುದು ಹೇಗೆ? ಮೊದಲು 1533ಕ್ಕೆ ಅಥವಾ ಪಾಲಿಕೆಯ ಆ್ಯಪ್‌ನಲ್ಲಿ ಫೋಟೊ ಸಮೇತ ದೂರು ಕೊಟ್ಟು ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಇಷ್ಟರಿಂದಲೇ ರಸ್ತೆ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ, ಆದರೆ ‘ನಮಗೆ ಗೊತ್ತೇ ಇರಲಿಲ್ಲ’ ಎನ್ನುವ ಬಾಗಿಲು ಮುಚ್ಚುತ್ತದೆ. ಮರುದಿನವೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳೊಳಗೆ ಇರಬೇಕು ಎಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಊರ ಸಮಸ್ಯೆಯೆಲ್ಲ ತುಂಬಿದರೆ ಅದೇ ನೆಪದಲ್ಲಿ ಹಿಂದಿರುಗಿಸುತ್ತಾರೆ. ಹೀಗೆ ಬರೆದರೆ ಸಾಕು:

‘ಇಂಥ ಅಡ್ಡರಸ್ತೆಯಲ್ಲಿ ಅನಿಲ ಪೈಪ್‌ಗಾಗಿ ನಡೆದ ರಸ್ತೆ ಅಗೆತಕ್ಕೆ ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ಪ್ರತಿ ಕೊಡಿ: ಅನುಮತಿ ಪತ್ರ ಮತ್ತು ಷರತ್ತುಗಳು, ಕಟ್ಟಿದ ಪುನಃಸ್ಥಾಪನಾ ಶುಲ್ಕದ ರಸೀದಿ ಅಥವಾ ಬ್ಯಾಂಕ್ ಖಾತರಿ, ಅದರ ಅವಧಿ ಮುಗಿಯುವ ದಿನಾಂಕ ಸಹಿತ, ಮಣ್ಣು ತುಂಬಿದ ನಂತರದ ತಪಾಸಣೆ ಮತ್ತು ಸಾಂದ್ರತೆ ಪರೀಕ್ಷೆಯ ವರದಿ, ಈ ರಸ್ತೆಯ ಡಾಂಬರೀಕರಣದ ಗುತ್ತಿಗೆ ಒಪ್ಪಂದದಲ್ಲಿನ ದೋಷ ಹೊಣೆಗಾರಿಕೆ ಅವಧಿಯ ಪುಟ. ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸಿ ಮಾದರಿ ಪಡೆಯಲು ದಿನ ಗೊತ್ತುಪಡಿಸಿ.’

ಆ ಕೊನೆಯ ವಾಕ್ಯವನ್ನು ಬಿಡಬೇಡಿ. ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಂ ಕಾಗದ ಪಡೆಯುವ ಹಕ್ಕನ್ನಷ್ಟೇ ಅಲ್ಲ, ಕಾಮಗಾರಿ ಪರಿಶೀಲಿಸುವ ಮತ್ತು ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಉತ್ತರಕ್ಕೆ 30 ದಿನ. ‘ಸಾಂದ್ರತೆ ಪರೀಕ್ಷೆಯ ವರದಿ ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ಬೇಸರಪಡಬೇಡಿ, ನಿಮಗೆ ಬೇಕಾದ ದಾಖಲೆ ಅದೇ. ಬ್ಯಾಂಕ್ ಖಾತರಿಯ ದಿನಾಂಕ ಗೊತ್ತಾದ ಕೂಡಲೇ, ರಸ್ತೆ ಕುಸಿದಿರುವುದರಿಂದ ಖಾತರಿಯನ್ನು ಬಿಡುಗಡೆ ಮಾಡಬಾರದು, ಅವಧಿ ವಿಸ್ತರಿಸಬೇಕು ಇಲ್ಲವೇ ಮುಟ್ಟುಗೋಲು ಹಾಕಿಕೊಂಡು ಅದೇ ಹಣದಲ್ಲಿ ದುರಸ್ತಿ ಮಾಡಬೇಕು ಎಂದು ಆಯುಕ್ತರಿಗೆ ಬರೆಯಿರಿ. ಕಂಪನಿಗೆ ಪ್ರತಿ ಕಳಿಸಿ. ಹಳ್ಳದ ಬಗ್ಗೆ ಬರೆದ ಹತ್ತು ಪತ್ರಗಳಿಗಿಂತ ಖಾತರಿಯ ಬಗ್ಗೆ ಬರೆದ ಒಂದು ಪತ್ರ ಬೇಗ ಓಡುತ್ತದೆ.

ಅಪಾಯ ತಕ್ಷಣದ್ದಾಗಿದ್ದರೆ ಇನ್ನೊಂದು ಬಾಗಿಲಿದೆ, ಜನ ಅದನ್ನು ಬಡಿಯುವುದು ಕಡಿಮೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ, ಅಂದರೆ ಹಳೆಯ ಸಿಆರ್‌ಪಿಸಿಯ 133, ಸಾರ್ವಜನಿಕ ದಾರಿಯ ಅಡಚಣೆ ತೆಗೆಸುವ ಮತ್ತು ದಾರಿ ಪಕ್ಕದ ಅಗೆತಕ್ಕೆ ಬೇಲಿ ಹಾಕಿಸುವ ಆದೇಶ ಮಾಡಲು ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಅಧಿಕಾರ ಕೊಡುತ್ತದೆ. ಜಿಲ್ಲೆಗಳಲ್ಲಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಸಾರ್ವಜನಿಕ ದಾರಿಯಲ್ಲಿ ಅಪಾಯ ಅಥವಾ ಅಡಚಣೆ ಉಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂ ಪ್ರಕಾರ ಅಪರಾಧವೂ ಹೌದು. ದಂಡ ಮಾತ್ರ 5,000 ರೂಪಾಯಿ ಮೀರುವುದಿಲ್ಲ, ಕಂಪನಿಗೆ ಅದು ಚಹಾ ಖರ್ಚು.

ಬಿದ್ದು ಕೈ ಮುರಿದುಕೊಂಡ ಮಹಿಳೆಯ ವಿಷಯ ಬೇರೆಯಾಗಿಯೇ ನೋಡಬೇಕು. ಒಳ್ಳೆಯ ಸ್ಥಿತಿಯ ರಸ್ತೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ, ರಸ್ತೆಯ ದುಃಸ್ಥಿತಿಯಿಂದ ನಷ್ಟವಾದವರು ಪರಿಹಾರ ಕೇಳಬಹುದು ಎಂದು ಬೆಂಗಳೂರಿನ ರಸ್ತೆಗುಂಡಿಗಳ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2019ರಲ್ಲಿ ಹೇಳಿದೆ. ಅದಕ್ಕೆ ಆಸ್ಪತ್ರೆಯ ದಾಖಲೆ, ಪೊಲೀಸ್ ದೂರು, ಬಿದ್ದ ಜಾಗದ ದಿನಾಂಕ ಸಹಿತ ಚಿತ್ರ ಬೇಕು. ಚಿತ್ರದಲ್ಲಿ ಹಳ್ಳದ ಪಕ್ಕ ಅಳತೆ ಪಟ್ಟಿ ಇಟ್ಟು ಆಳ ಕಾಣುವಂತೆ ತೆಗೆಯಿರಿ. ದುರಸ್ತಿ ಆಗುವ ಮೊದಲೇ ತೆಗೆಯಬೇಕು. ಆಮೇಲೆ ಸಾಕ್ಷಿ ಇರುವುದಿಲ್ಲ.

ನಿಮ್ಮ ಬೀದಿಯವರಿಗೆ ಒಂದು ಮಾತು ಹೇಳಲೇಬೇಕು. ಮನೆಗೆ ನೀರಿನ ಅಥವಾ ಒಳಚರಂಡಿಯ ಸಂಪರ್ಕ ಪಡೆಯುವಾಗ ಪ್ಲಂಬರ್ ರಾತ್ರೋರಾತ್ರಿ ಅಡ್ಡ ಅಗೆದು ಮುಚ್ಚುವುದುಂಟು. ಕಂಪನಿಗೆ ಇರುವ ನಿಯಮವೇ ಮನೆಯವರಿಗೂ ಇದೆ: ಅನುಮತಿ, ಶುಲ್ಕ, ಪದರ ಪದರವಾಗಿ ಮಣ್ಣು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತಕ್ಕೆ ಚಾಲನೆ ಸಿಕ್ಕ ಮೇಲೆ ನಿಮ್ಮ 110 ಹಳ್ಳಿಗಳಲ್ಲಿ ಸಂಪರ್ಕ ಪಡೆಯುವವರು ಹೆಚ್ಚಿದ್ದಾರೆ. ಆದ್ದರಿಂದ ಅಂತಿಮ ಡಾಂಬರಿಗೆ ಮೊದಲು, ಸಂಪರ್ಕ ಬಾಕಿ ಇರುವ ಮನೆಗಳ ಪಟ್ಟಿ ಮಾಡಿ ಎಲ್ಲರೂ ಒಮ್ಮೆಗೇ ಪಡೆದುಕೊಳ್ಳಿ. ಇಲ್ಲದಿದ್ದರೆ ಕಂಪನಿಯವರು ಉದ್ದಕ್ಕೆ ಅಗೆದದ್ದನ್ನು ನೀವು ಅಡ್ಡಡ್ಡ ಅಗೆಯುತ್ತೀರಿ.

ದುರಸ್ತಿಗೆ ಯಾರೇ ಬರಲಿ, ಬಂದ ದಿನ ಯಾರಾದರೊಬ್ಬರು ಅಲ್ಲಿ ನಿಂತಿರಿ. ಕುಸಿದ ತಗ್ಗಿನ ಮೇಲೆಯೇ ಜಲ್ಲಿ ಸುರಿದು ಡಾಂಬರು ಎಳೆಯಲು ಹೊರಟರೆ ತಡೆದು, ಸಡಿಲ ಮಣ್ಣನ್ನು ಎಚ್ಚರಿಕೆಯ ಪಟ್ಟಿ ಕಾಣುವವರೆಗೆ ಕೈಯಿಂದ ತೆಗೆಸಿ ಹೊಸದಾಗಿ ತುಂಬಬೇಕೆಂದು ಹೇಳಿ, ಜೆಸಿಬಿ ಬೇಡ. ಅನಿಲ ಕಂಪನಿಯ ಸಿಬ್ಬಂದಿ ಸ್ಥಳದಲ್ಲಿ ಇಲ್ಲದೆ ಆ ಕೆಲಸ ಆರಂಭವಾಗಬಾರದು. ಸಹಾಯಕ ಎಂಜಿನಿಯರ್ ಬರುವವರೆಗೆ ಡಾಂಬರಿನ ಲಾರಿ ಕಾಯಲಿ.